ಸಮುವೇಲ: ಕೇಳಿದ್ದು ಯಾರು? ಬೈಬಲಿನ ಹೆಸರಿನ ಅರ್ಥ ಹುಡುಕುವ ಬಗೆ

ಮಗನಿಗೆ ಸಮುವೇಲ ಅಂತ ಹೆಸರಿಟ್ಟಿದ್ದೀರಿ, ಯಾರೋ ಅರ್ಥ ಕೇಳುತ್ತಾರೆ. ನೆಟ್‌ನಲ್ಲಿ ನೋಡಿದರೆ ಒಂದು ಕಡೆ ‘ದೇವರು ಕೇಳಿದನು’, ಇನ್ನೊಂದು ಕಡೆ ‘ದೇವರಿಂದ ಕೇಳಿ ಪಡೆದವನು’, ಮತ್ತೊಂದು ಕಡೆ ‘ದೇವರ ಹೆಸರು’. ಯಾವುದನ್ನು ನಂಬುವುದು? ನೀವೇ ಹುಡುಕಿಕೊಳ್ಳಬಹುದು, ಹೀಬ್ರೂ ಬರಲೇಬೇಕು ಅಂತೇನಿಲ್ಲ.

ಪಟ್ಟಿಗಳನ್ನು ಪಕ್ಕಕ್ಕಿಟ್ಟು ಮೊದಲು ಆ ಹೆಸರಿಟ್ಟ ಜಾಗಕ್ಕೇ ಹೋಗಿ. ಬೈಬಲಿನ ‘1 ಸಮುವೇಲನು’ ಪುಸ್ತಕ, 1ನೇ ಅಧ್ಯಾಯ. ಎಲ್ಕಾನನಿಗೆ ಇಬ್ಬರು ಹೆಂಡತಿಯರು, ಒಬ್ಬಳಿಗೆ ಮಕ್ಕಳಿದ್ದಾರೆ, ಹನ್ನಳಿಗಿಲ್ಲ. ಶೀಲೋವಿನ ಗುಡಿಯಲ್ಲಿ ಅವಳು ಅಳುತ್ತಾ, ದನಿ ಹೊರಡದೆ ತುಟಿ ಮಾತ್ರ ಅಲ್ಲಾಡಿಸುತ್ತಾ ಬೇಡಿಕೊಳ್ಳುವಾಗ ಯಾಜಕ ಏಲಿ ಇವಳು ಕುಡಿದು ಬಂದಿದ್ದಾಳೆ ಅಂದುಕೊಂಡು ಗದರುತ್ತಾನೆ. ಆಮೇಲೆ ಮಗ ಹುಟ್ಟುತ್ತಾನೆ. 20ನೇ ವಚನದಲ್ಲಿ ಕಾರಣವನ್ನು ಅವಳೇ ಹೇಳುತ್ತಾಳೆ: ಯೆಹೋವನಿಂದ ಕೇಳಿ ಪಡೆದೆ, ಅದಕ್ಕೇ ಈ ಹೆಸರು.

ನಾವು ಕನ್ನಡದವರು ಎಡವುವುದು ಇಲ್ಲೇ. ನಮಗೆ ‘ಕೇಳು’ ಅಂದರೆ ಬೇಡುವುದೂ ಹೌದು, ಕಿವಿಗೊಡುವುದೂ ಹೌದು. ಹನ್ನ ಕೇಳಿದಳು, ದೇವರು ಕೇಳಿದ. ಒಂದೇ ಪದ, ಅಲ್ವಾ? ಹೀಬ್ರೂವಿನಲ್ಲಿ ಬೇಡಿ ಕೇಳುವುದಕ್ಕೆ ‘ಶಾಅಲ್’, ಕಿವಿಯಿಂದ ಕೇಳುವುದಕ್ಕೆ ‘ಶಾಮಾ’. ಹನ್ನ ಹೇಳಿದ್ದು ಮೊದಲನೆಯದು.

ಈಗ ಅಕ್ಷರ ನೋಡಿ. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ತಂದ ಪದಸೂಚಿಯಲ್ಲಿ ಬೈಬಲಿನ ಹೀಬ್ರೂ ಪದಗಳಿಗೆ ನಂಬರ್ ಕೊಟ್ಟಿದ್ದಾರೆ. ಫ್ರೀ ಬೈಬಲ್ ಆ್ಯಪ್‌ಗಳಲ್ಲೂ ಈ ನಂಬರ್ ಸಿಗುತ್ತದೆ. ಶಾಅಲ್ 7592, ಶಾಮಾ 8085, ಸಮುವೇಲ 8050. ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. (ಇವು ಹೀಬ್ರೂ ಅಕ್ಷರಗಳ ಹೆಸರು.) ಶಾಅಲ್: ಶಿನ್, ಆಲೆಫ್, ಲಾಮೆದ್. ಶಾಮಾ: ಶಿನ್, ಮೇಮ್, ಆಯಿನ್. ಸಮುವೇಲ: ಶಿನ್, ಮೇಮ್, ವಾವ್, ಆಲೆಫ್, ಲಾಮೆದ್. ಶಾಅಲ್‌ನಲ್ಲಿ ಮೇಮ್ ಇಲ್ಲ. ಶಾಮಾದಿಂದ ಬಂದಿದ್ದರೆ ಆಯಿನ್ ಎಲ್ಲಿ ಹೋಯಿತು? ಇಷ್ಮಾಯೇಲನ ಹೆಸರಲ್ಲಿ ಅದು ಇದೆ, ಹಾಗಾಗಿ ‘ದೇವರು ಕೇಳಿಸಿಕೊಳ್ಳುತ್ತಾನೆ’ ಅನ್ನುವುದು ಅವನಿಗೆ ಸರಿಯಾಗಿ ಕೂರುತ್ತದೆ (ಆದಿಕಾಂಡ 16:11). ಕನ್ನಡದಲ್ಲಿ ಬರೆದಾಗ ಆಲೆಫ್, ಆಯಿನ್ ಎರಡೂ ಸ್ವರದಲ್ಲಿ ಕರಗಿಬಿಡುತ್ತವೆ. ಹಾಲು, ಹಾಳು ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ, ಹಾಗೆ.

ಉಳಿದದ್ದು ‘ಶೇಮ್’ ಅಂದರೆ ಹೆಸರು, ‘ಏಲ್’ ಅಂದರೆ ದೇವರು. ಅಕ್ಷರಕ್ಕೆ ಜಾಸ್ತಿ ಹೊಂದುವುದು ‘ದೇವರ ಹೆಸರು’.

ಹಾಗಾದರೆ ಹನ್ನ ಹೇಳಿದ್ದು ತಪ್ಪಾ? ಅಲ್ಲ. ಬೈಬಲಿನ ತಾಯಂದಿರು ನಿಘಂಟು ಬಿಚ್ಚಿ ಹೆಸರಿಡುವುದಿಲ್ಲ, ದನಿ ಹತ್ತಿರ ಇರುವ ಮಾತು ಹಿಡಿಯುತ್ತಾರೆ. ಆದರೆ ಒಂದು ತಮಾಷೆ ಇದೆ. 28ನೇ ವಚನದಲ್ಲಿ, ಮಗನನ್ನು ಯೆಹೋವನಿಗೆ ಒಪ್ಪಿಸುವಾಗ, ಅವಳು ‘ಹೂ ಶಾಊಲ್’ ಅನ್ನುತ್ತಾಳೆ, ಅಂದರೆ ‘ಇವನು ಒಪ್ಪಿಸಲ್ಪಟ್ಟವನು’, ಅದೂ ಶಾಅಲ್‌ನಿಂದಲೇ ಬಂದ ಮಾತು. ಶಾಊಲ್ ಅಂದರೆ ನಮ್ಮ ಬೈಬಲಿನ ಸೌಲ, ಇದೇ ಸಮುವೇಲ ಮುಂದೆ ಅಭಿಷೇಕ ಮಾಡುವ ಮೊದಲ ಅರಸ! 8:10ರಲ್ಲಿ ಜನ ಅರಸನನ್ನು ಕೇಳುವುದೂ ಇದೇ ಶಾಅಲ್‌ನಿಂದ. ಈ ಜನನದ ಕಥೆ ಮೊದಲು ಸೌಲನದೇ ಆಗಿತ್ತು ಅನ್ನುವ ಪಂಡಿತರಿದ್ದಾರೆ. ನನಗೇನೋ ಕಥೆ ಹೇಳುವವನು ಬೇಕಂತಲೇ ಸುಳಿವು ಕೊಡುತ್ತಿದ್ದಾನೆ ಅನ್ನಿಸುತ್ತದೆ.

ಸುಮ್ನೆ ಕಾರ್ಡಿನಲ್ಲಿ ಅಚ್ಚು ಹಾಕಿಸುವುದಕ್ಕಾದರೆ ‘ದೇವರ ಹೆಸರು’ ಸಾಕು. ಅಜ್ಜಿ ಕೇಳಿದರೆ ಮಾತ್ರ ಹನ್ನಳ ಕಥೆಯನ್ನೇ ಹೇಳಿ.