ಸ್ಟೇಷನ್ ಅಂಗಳದಲ್ಲಿ ಹೆಸರಿನ ಕಲ್ಲು: ಯುದ್ಧದಲ್ಲಿ ಮಡಿದ ರೈಲ್ವೆ ನೌಕರರ ಸ್ಮಾರಕ ನಿಲ್ಲಿಸುವ ಬಗೆ

ಕಲ್ಲು ಕೆಡುವುದು ಅಪರೂಪ, ಹೆಸರು ಕೆಡುವುದೇ ಹೆಚ್ಚು. ಹಾಗಾಗಿ ಕಲ್ಲು ಹುಡುಕಲು ಹೊರಡುವ ಮೊದಲು ಪಟ್ಟಿಯ ಮುಂದೆ ಕೂರಿ. ನಾಲ್ಕು ತಿಂಗಳ ಕೆಲಸವಾದರೆ ಮೂರು ತಿಂಗಳು ಪಟ್ಟಿಗೇ ಹೋಗಲಿ.

ಯಾರ ಹೆಸರು ಸೇರಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ರೈಲ್ವೆ ಕೆಲಸದಲ್ಲಿದ್ದು ಸೇನೆಗೆ ಹೋಗಿ ಸತ್ತವರು ಒಂದು ಬಗೆ. ರೈಲ್ವೆ ಡ್ಯೂಟಿಯಲ್ಲಿದ್ದಾಗಲೇ ಶತ್ರುವಿನ ದಾಳಿಗೆ ಸಿಕ್ಕವರು ಇನ್ನೊಂದು ಬಗೆ. ರಾಜಸ್ಥಾನದ ಗಡ್ರಾ ರೋಡ್ ಸ್ಟೇಷನ್ನಿನ ಸ್ಮಾರಕ ಈ ಎರಡನೆಯ ಬಗೆಯವರದು. 1965ರ ಯುದ್ಧದಲ್ಲಿ ಗಡಿಗೆ ಸಾಮಾನು ಸಾಗಿಸುವಾಗ ಸತ್ತ 17 ರೈಲ್ವೆ ನೌಕರರನ್ನು ಅಲ್ಲಿ ಪ್ರತಿವರ್ಷ ಸೆಪ್ಟೆಂಬರ್ 9ರಂದು ನೆನೆಯುತ್ತಾರೆ. ಹಳಿಯ ಮೇಲೆ ಅಪಘಾತದಲ್ಲಿ ಹೋದ ಗ್ಯಾಂಗ್‌ಮನ್‌ಗಳಿಗೂ ಕಲ್ಲು ಬೇಕು ನಿಜ, ಆದರೆ ಬೇರೆ ಕಲ್ಲು. ಎರಡನ್ನೂ ಒಂದರಲ್ಲಿ ಬೆರೆಸಿದರೆ ಅನಾವರಣದ ದಿನವೇ ತಕರಾರು ಏಳುತ್ತದೆ.

ಮಹಾಯುದ್ಧಗಳ ಹೆಸರುಗಳಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಆಯೋಗ ಲೆಕ್ಕಕ್ಕೆ ತೆಗೆದುಕೊಳ್ಳುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಆಮೇಲೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಯುದ್ಧ ನಿಂತ ಮೇಲೆ ಕಾಯಿಲೆಯಿಂದ ಸತ್ತವನನ್ನು ಕೈಬಿಡುವ ಮುನ್ನ ಈ ದಿನಾಂಕಗಳನ್ನು ನೋಡಿ. ಸಿಗಲಿಲ್ಲವೆಂದ ಮಾತ್ರಕ್ಕೆ ಆ ಮನುಷ್ಯ ಇರಲಿಲ್ಲ ಅಂತಲೂ ಅಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು, ಭಾರತದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಇಂಥ ಪಡೆಯಿಂದ ಇಷ್ಟು ಮಂದಿ ಎಂಬ ಸಂಖ್ಯೆ ಹಾಕಿ ಮುಗಿಸಿದರು. ಅಲ್ಲಿ ಬಿಟ್ಟುಹೋದವರನ್ನು ಇಲ್ಲಿ ತಪ್ಪಾಗಿ ಬರೆದರೆ ಎರಡನೇ ಸಲ ಕಳೆದಂತೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೆಯ ದಾಖಲೆ ಓದುವಾಗ ಮೂರು ಕಡೆ ಎಡವುತ್ತಾರೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕೂ ಹಿಂದಿನ ಕಾಗದಗಳಲ್ಲಿ ಗೌರಿಬಿದನೂರಿನವನೂ ಬಾಗೇಪಲ್ಲಿಯವನೂ ಕೋಲಾರ ಜಿಲ್ಲೆಯವನೇ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಹುಡುಕಬೇಕು. ಇನ್ನು ಚೇಳೂರು ಎಂದಷ್ಟೇ ಇದ್ದರೆ ಅದು ತುಮಕೂರಿನ ಗುಬ್ಬಿ ತಾಲ್ಲೂಕಿನದೋ, ಬಾಗೇಪಲ್ಲಿ ಕಡೆಯದೋ ಗೊತ್ತಾಗುವುದಿಲ್ಲ. ಊರಿನ ಜೊತೆ ತಾಲ್ಲೂಕು ಕೇಳಿ.

ಇಂಗ್ಲಿಷ್ ಕಾಗದದಿಂದ ಕನ್ನಡಕ್ಕೆ ಹೆಸರು ತರುವುದು ಇನ್ನೂ ನಾಜೂಕು. ಇಂಗ್ಲಿಷಿನಲ್ಲಿ ಲ, ಳ ಎರಡೂ ಒಂದೇ. ಪಿಳ್ಳಪ್ಪ ಅಲ್ಲಿ ಪಿಲ್ಲಪ್ಪನೂ ಆಗಬಲ್ಲ, ಕಾಳಪ್ಪ ಕಲ್ಲಪ್ಪನೂ ಆಗಬಲ್ಲ. ಮುನಿಸ್ವಾಮಿ ಎಂದು ನೀವು ತಿದ್ದಿದರೆ ಮನೆಯವರು ‘ನಮ್ಮ ತಾತ ಮುನಿಸಾಮಿ’ ಅನ್ನುತ್ತಾರೆ. ಊರಿಗೆ ಹೋಗಿ, ಮನೆಯವರ ಕೈಯಲ್ಲೇ ಹೆಸರು ಬರೆಸಿಕೊಂಡು, ಆ ಚೀಟಿಯ ಫೋಟೊ ತೆಗೆದಿಡಿ. ಮನೆಯವರು ಯಾರೂ ಸಿಗದಿದ್ದರೆ ಊರಿನಲ್ಲಿ ಆ ಹೆಸರನ್ನು ಹೇಗೆ ಕರೆಯುತ್ತಾರೋ ಹಾಗೆ ಬರೆಯಿರಿ.

ಕ್ರಮ ಅಕಾರಾದಿ ಇರಲಿ, ಹುದ್ದೆಯ ಪ್ರಕಾರ ಬೇಡ. ಒಂದು ಸಾಲಿಗೆ ಹೆಸರು, ಕೆಲಸ, ಊರು, ವರ್ಷ. ಕೆಲಸದ ಹೆಸರನ್ನು ರೈಲ್ವೆಯವರು ಹೇಳುವ ಹಾಗೇ ಇಡಿ: ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ (ಹಳಿ ಬದಲಿಸುವವನು), ಫೈರ್‌ಮನ್ (ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನು). ಹೆಸರುಗಳು ನೂರು ದಾಟಿದರೆ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನ ದಾರಿ ನೋಡಿ. ಅಲ್ಲಿ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಮನೆಯಿಂದ ಬಂದ ಕಾಗದ ಓದುತ್ತ ನಿಂತ ಕಂಚಿನ ಸೈನಿಕನಿದ್ದಾನೆ, 1922ರದ್ದು. ಮಡಿದ 2,524 ನೌಕರರ ಹೆಸರಿನ ಪಟ್ಟಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಅವನ ಕಾಲಡಿ ಇಟ್ಟಿದ್ದಾರೆ. ಚೆಂದದ ಕಲ್ಪನೆ, ಆದರೆ ಹತ್ತಿಪ್ಪತ್ತು ಹೆಸರಿನ ನಮಗೆ ಕಲ್ಲೇ ಸರಿ. ಮೊಮ್ಮಗ ತನ್ನ ತಾತನ ಹೆಸರನ್ನು ಮುಟ್ಟಿ ನೋಡುವಂತಿರಬೇಕು.

ಅನುಮತಿಗೆ ಅರ್ಜಿಯನ್ನು ಸ್ಟೇಷನ್ ಮಾಸ್ಟರ್ ಮೂಲಕ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗೀಯ ಕಚೇರಿಗೆ ಕೊಡಿ. ಅಳತೆಯ ನಕ್ಷೆ, ಕಲ್ಲಿನ ತೂಕ, ಕೆತ್ತುವ ಪೂರ್ತಿ ಒಕ್ಕಣೆ, ಮುಂದೆ ತೊಳೆಯುವವರು ಯಾರು ಎಂಬುದು, ಈ ನಾಲ್ಕೂ ಇರಲಿ. ಜಾಗ ಪ್ಲಾಟ್‌ಫಾರ್ಮಿನ ಮೇಲೆ ಕೇಳಬೇಡಿ. ಅಲ್ಲಿ ಕಂಬದಂಥ ಒಂಟಿ ರಚನೆ ಹಳಿಯ ಮಧ್ಯರೇಖೆಯಿಂದ ಕನಿಷ್ಠ 4.72 ಮೀಟರ್ ದೂರ ಇರಬೇಕು. ಮೇಲೆ 25,000 ವೋಲ್ಟ್ ತಂತಿ ಇರುವ ಕಡೆ ಕ್ರೇನಿನ ಮಾತೇ ಬೇಡ. ಸ್ಟೇಷನ್ ಮುಂದಿನ ಅಂಗಳ ಕೇಳಿ, ಕೇಳುವಾಗ ನವೀಕರಣದ ನಕ್ಷೆಯನ್ನೂ ನೋಡಿ. ಇಲ್ಲವಾದರೆ ಎರಡು ವರ್ಷಕ್ಕೆ ನಿಮ್ಮ ಕಲ್ಲು ಆಟೊ ಸ್ಟ್ಯಾಂಡಿನ ನಡುವೆ ನಿಂತಿರುತ್ತದೆ.

ಕೆತ್ತನೆಗೆ ದೂರ ಹೋಗಬೇಕಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಊರಿಗೆ ಊರೇ ಶಿಲ್ಪಿಗಳಿದ್ದಾರೆ. ಅಲ್ಲಿ ವಿಗ್ರಹಕ್ಕೆ ಬಳಸುವ ಮೆತ್ತನೆಯ ಕಪ್ಪು ಕಲ್ಲು ಬೇಡ, ಬ್ಯಾಗು ತಾಗಿದರೂ ಗೀರು ಬೀಳುತ್ತದೆ. ಬೂದು ಗ್ರಾನೈಟ್ ತೆಗೆದುಕೊಳ್ಳಿ, ಅಕ್ಷರ ಬರುವ ಮುಖಕ್ಕೆ ಮಾತ್ರ ಪಾಲಿಶ್. ವೀರಗಲ್ಲಿನ ರೂಢಿಯಂತೆ ಶಿಲ್ಪಿ ಮೇಲ್ಗಡೆ ಸೂರ್ಯ ಚಂದ್ರ ಕೆತ್ತಲೇ ಎಂದು ಕೇಳಬಹುದು. ಅದು ಇರಲಿ, ಚೆನ್ನಾಗಿರುತ್ತದೆ. ದೇವರ ಚಿತ್ರ ಮಾತ್ರ ಬೇಡ.

ಅಳತೆ ಐದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ, 4 ಇಂಚು ದಪ್ಪ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆ.ಜಿ. ತೂಗುತ್ತದೆ, ಇದು ಹತ್ತಿರ ಹತ್ತಿರ 345 ಕೆ.ಜಿ. ಆಗುತ್ತದೆ. ಒಂದೂವರೆ ಅಡಿ ನೆಲದೊಳಗೆ, ನಾಲ್ಕು ಅಡಿ ಮೇಲೆ. ಮೇಲಿನ 8 ಇಂಚು ಶೀರ್ಷಿಕೆಗೆ ಬಿಡಿ. ಕೆಳಗಿನ 10 ಇಂಚಿನಲ್ಲಿ ಏನೂ ಬರೆಯಬೇಡಿ, ಮಳೆಯ ಕೆಸರು ಸಿಡಿಯುವುದು ಅಲ್ಲೇ. ಉಳಿದ 30 ಇಂಚಿನಲ್ಲಿ ಮುಕ್ಕಾಲು ಇಂಚಿನ ಅಕ್ಷರಕ್ಕೆ 17 ಸಾಲು ಹಿಡಿಯುತ್ತದೆ. 15 ಹೆಸರು ಬರೆದು ಎರಡು ಸಾಲು ಖಾಲಿ ಬಿಡಿ. ಬಿಟ್ಟುಹೋದ ಹೆಸರು ಅನಾವರಣದ ಮಾರನೇ ವಾರವೇ ಹುಡುಕಿಕೊಂಡು ಬರುತ್ತದೆ. ಇಂಗ್ಲಿಷ್ ಫಲಕದ ಅಳತೆ ನೋಡಿ ಸಾಲು ಒತ್ತರಿಸಬಾರದು. ‘ಶಾಸ್ತ್ರಿ’ಯಂಥ ಹೆಸರಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಬಿಡುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಒಂದೂಮುಕ್ಕಾಲು ಇಂಚು ಬೇಕೇ ಬೇಕು.

ಈಗಿನ ಕೆತ್ತನೆ ಹೆಚ್ಚಾಗಿ ಸ್ಟಿಕರ್ ಕತ್ತರಿಸಿ ಅಂಟಿಸಿ ಮರಳು ಊದುವ ಮೆಷಿನ್ನಿನದು. ಹಾಳಾಗುವುದು ಎರಡು ಕಡೆ. ಒಂದು, ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಅಂಗಡಿಯವರು ವಿನ್ಯಾಸಕ್ಕೆ ಬಳಸುವ ಹಳೆಯ ಕೋರೆಲ್‌ಡ್ರಾ ಸಾಫ್ಟ್‌ವೇರಿಗೆ ಅಂಟಿಸಿದರೆ ‘ಧರ್ಮಪ್ಪ’ ಹೋಗಿ ‘ಧರ್‌ಮಪ್‌ಪ’ ಎಂದು ಬಿಡಿಬಿಡಿಯಾಗಿ ಕೂರುತ್ತದೆ. ಕನ್ನಡ ಬಾರದ ಆಪರೇಟರ್ ಅದನ್ನೇ ಕತ್ತರಿಸುತ್ತಾನೆ. ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಚಿತ್ರದಂಥ ಗೆರೆಗಳಿಗೆ, ಬದಲಿಸಿ ಪಿಡಿಎಫ್ ಕಳಿಸಿ. ಎರಡು, ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಸ್ಟಿಕರಿನ ಆ ಚೂರು ಎದ್ದುಹೋದರೆ ಸಿದ್ಧಪ್ಪ ಸಿದ್ದಪ್ಪನಾಗುತ್ತಾನೆ. ಮರಳು ಊದುವ ಮುನ್ನ, ಸ್ಟಿಕರ್ ಕಲ್ಲಿನ ಮೇಲೆ ಇರುವಾಗಲೇ ಹೋಗಿ, ಮನೆಯವರ ಚೀಟಿ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಕೊನೆಯಿಂದ ಮೇಲಕ್ಕೆ ಓದಿ. ಮೇಲಿಂದ ಓದಿದರೆ ಗೊತ್ತಿರುವುದನ್ನೇ ಕಣ್ಣು ಓದಿಕೊಳ್ಳುತ್ತದೆ. ಆಳ 3 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ಹಿತ್ತಾಳೆ ಅಕ್ಷರ ಅಂಟಿಸಬೇಡಿ, ಅವು ಗುಜರಿಗೆ ಹೋಗುತ್ತವೆ.

ಪಾಯ 4 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಆಳ. ತಳದಲ್ಲಿ 10 ಮಿ.ಮೀ. ಕಂಬಿಯ ಜಾಲರಿ. ನಡುವೆ 34 ಇಂಚು ಉದ್ದ, 8 ಇಂಚು ಅಗಲ, 18 ಇಂಚು ಆಳದ ಥರ್ಮಾಕೋಲ್ ಬ್ಲಾಕ್ ಇಟ್ಟು 1:1.5:3 ಕಾಂಕ್ರೀಟ್ ಹಾಕಿ. 4 ಮೂಟೆ ಸಿಮೆಂಟ್, ಏಳೂವರೆ ಘನ ಅಡಿ ಮರಳು, 15 ಘನ ಅಡಿ 20 ಮಿ.ಮೀ. ಜಲ್ಲಿ ಸಾಕು. ಏಳು ದಿನ ನೀರುಣಿಸಿದ ಮೇಲೆ ಥರ್ಮಾಕೋಲ್ ಕಿತ್ತು, ಮೂರು ಕಾಲಿನ ಸ್ಟ್ಯಾಂಡಿಗೆ ಕಟ್ಟಿದ ಚೈನ್ ಪುಲ್ಲಿಯಿಂದ ಕಲ್ಲನ್ನು ಇಳಿಸಿ. ಕಬ್ಬಿಣದ ಸರಪಳಿ ಕಲ್ಲಿನ ಅಂಚಿಗೆ ತಾಗಬಾರದು, ಬಟ್ಟೆಯ ಬೆಲ್ಟ್ ಇರಲಿ. ನಾಲ್ಕೂ ಕಡೆ ಬೆಣೆ ಹೊಡೆದು, ರಸಮಟ್ಟ ಹಿಡಿದು ನೇರ ನೋಡಿ, ಒಣಗಿದರೂ ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟ್ ಗಾರೆ) ತುಂಬಿ. ಮರದ ಬೆಣೆಗಳನ್ನು ಮರುದಿನ ತಪ್ಪದೆ ತೆಗೆದು ಆ ತೂತುಗಳಿಗೂ ಗ್ರೌಟ್ ಹಾಕಿ. ಒಳಗೇ ಉಳಿದರೆ ಮಳೆಗಾಲದಲ್ಲಿ ಉಬ್ಬಿ ಗ್ರೌಟ್ ಸೀಳುತ್ತವೆ.

ಮುಂದುಗಡೆ ಎರಡು ಅಡಿ ದೂರದಲ್ಲಿ ದೀಪಕ್ಕೂ ಹೂವಿಗೂ ಒಂದು ಪುಟ್ಟ ಕಟ್ಟೆ ಕಟ್ಟಿ. ಇಲ್ಲದಿದ್ದರೆ ಜನ ಕಲ್ಲಿಗೇ ಎಣ್ಣೆ ಸವರಿ ಕುಂಕುಮ ಇಡುತ್ತಾರೆ. ಭಕ್ತಿ ಅವರದು, ಎಣ್ಣೆಯ ಕಲೆ ಗ್ರಾನೈಟಿನೊಳಗೆ ಇಳಿದು ಅಲ್ಲೇ ಉಳಿಯುತ್ತದೆ.

ತೊಳೆಯಲು ನೈಲಾನ್ ಬ್ರಷ್, ನೀರು, ತೀರಾ ಜಿಡ್ಡಿದ್ದರೆ ಒಂದು ಬಕೆಟ್ಟಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ನೆಲಕ್ಕೆ ಹಾಕುವ ಆ್ಯಸಿಡ್ ಮುಟ್ಟಿಸಬೇಡಿ, ಕಲ್ಲಿನೊಳಗಿನ ಕಬ್ಬಿಣದ ಅಂಶ ಎದ್ದು ಹಳದಿ ತಿರುಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಅಕ್ಷರದ ಗುಳಿಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕೊನೆಯ ಸಲ ತೊಳೆಯಲು ಶುದ್ಧ ನೀರಿನ ಘಟಕದ ಒಂದು 20 ಲೀಟರ್ ಕ್ಯಾನ್ ತನ್ನಿ, ಬಿಸಿಲೇರುವ ಮೊದಲೇ ಹತ್ತಿ ಬಟ್ಟೆಯಿಂದ ಒರೆಸಿ ಮುಗಿಸಿ.