24 ವಾರ ದಾಟಿದ ಗರ್ಭ: ಕೋರ್ಟಿಗೆ ಹೋಗುವ ಮೊದಲು ತಿಳಿಯಬೇಕಾದ ಹೆಜ್ಜೆಗಳು

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ತಲೆಬುರುಡೆಯೇ ಬೆಳೆದಿಲ್ಲ ಎಂದೋ, ಹೃದಯದಲ್ಲಿ ದೊಡ್ಡ ದೋಷವಿದೆ ಎಂದೋ ಗೊತ್ತಾದರೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಖಚಿತಪಡಿಸಿಕೊಳ್ಳಲು ಇನ್ನೊಂದು ಸ್ಕ್ಯಾನ್, ಭ್ರೂಣದ ಹೃದಯದ ಎಕೋ, ದೊಡ್ಡಾಸ್ಪತ್ರೆಯ ತಜ್ಞರ ಅಭಿಪ್ರಾಯ ಎನ್ನುವಷ್ಟರಲ್ಲಿ 24 ವಾರ ಕಳೆದಿರುತ್ತದೆ. ‘ಇನ್ನು ನಮ್ಮ ಕೈಲಿಲ್ಲ, ಕೋರ್ಟಿಗೆ ಹೋಗಿ’ ಎಂಬ ಮಾತು ಆಗಲೇ ಕಿವಿಗೆ ಬೀಳುವುದು. ಇಂಥ ಕುಟುಂಬಗಳ ಮಟ್ಟಿಗೆ ಆ ಸಲಹೆ ತಪ್ಪು. ಯಾರಿಗೆ ಕೋರ್ಟ್ ಬೇಕು, ಯಾರಿಗೆ ಬೇಡ ಎಂದು ತಿಳಿಯದೆ ಕಳೆದುಹೋಗುವ ಪ್ರತಿ ದಿನದ ನೋವನ್ನು ಹೊರುವವಳು ಆ ಹೆಣ್ಣುಮಗಳೇ.

ಮೊದಲು ವಾರಗಳ ಲೆಕ್ಕ

ಗರ್ಭದ ವಯಸ್ಸನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಗರ್ಭ ನಿಂತ ದಿನದಿಂದ ನೀವು ಹಾಕಿದ ಲೆಕ್ಕಕ್ಕಿಂತ ಆಸ್ಪತ್ರೆಯ ಲೆಕ್ಕ ಸುಮಾರು ಎರಡು ವಾರ ಮುಂದಿರುತ್ತದೆ. ಮುಟ್ಟಿನ ದಿನಾಂಕ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್ ವರದಿಯನ್ನು ಹುಡುಕಿ. ಅದರಲ್ಲಿರುವ ವಯಸ್ಸು ಆಮೇಲಿನ ಸ್ಕ್ಯಾನ್‌ಗಳಿಗಿಂತ ನಿಖರ. ವರದಿಯಲ್ಲಿ ‘23 ವಾರ 5 ದಿನ’ ಎಂದಿದ್ದರೆ ನಿಮಗೆ ಉಳಿದಿರುವುದು ಎರಡೇ ದಿನ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ವರದಿಗಳು, ಆಧಾರ್, ಎಲ್ಲದರ ನಕಲು ಒಂದೇ ಫೈಲಿನಲ್ಲಿರಲಿ.

ಕಾಯ್ದೆ ಏನು ಹೇಳುತ್ತದೆ?

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ, ಅಂದರೆ ಎಂಟಿಪಿ ಕಾಯ್ದೆಗೆ, 2021ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು, ಮತ್ತು ನಿಯಮದಲ್ಲಿ ಹೆಸರಿಸಿದ ಗುಂಪುಗಳಲ್ಲಿ ಒಂದಕ್ಕೆ ನೀವು ಸೇರಿರಬೇಕು: ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತೆಯರು, ಗರ್ಭಿಣಿಯಾಗಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ತೀವ್ರ ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು, ಭ್ರೂಣದಲ್ಲಿ ಗಂಭೀರ ದೋಷ ಕಂಡವರು, ವಿಪತ್ತಿನಲ್ಲಿ ಸಿಲುಕಿದವರು. ಮದುವೆಯಾಗದ ಹೆಣ್ಣಿಗೂ ಈ ಅವಕಾಶ ಇದೆ, ಗಂಡನಿಂದಲೇ ಆದ ಬಲಾತ್ಕಾರವೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಸ್ಪಷ್ಟಪಡಿಸಿದೆ. ಮಹಿಳೆಯರ ಪಾಲಿಗೆ ಬಹಳ ದೊಡ್ಡ ತೀರ್ಪು ಅದು.

24 ವಾರದ ನಂತರ ಕಾಯ್ದೆಯಲ್ಲಿ ಉಳಿಯುವುದು ಎರಡೇ ಬಾಗಿಲು. ಒಂದು, ಭ್ರೂಣದಲ್ಲಿ ಗಣನೀಯ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳುವುದು. ಇನ್ನೊಂದು, ತಾಯಿಯ ಜೀವ ಉಳಿಸಲು ತಕ್ಷಣ ಗರ್ಭ ತೆಗೆಯಲೇಬೇಕಾದ ಸ್ಥಿತಿ. ಈ ಎರಡನೆಯದಕ್ಕೆ ವಾರದ ಮಿತಿಯಿಲ್ಲ, ಮಂಡಳಿ ಬೇಡ, ಒಬ್ಬ ವೈದ್ಯರ ನಿರ್ಧಾರ ಸಾಕು. ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಸೋಂಕಿನಿಂದ ತೀರಿಕೊಂಡಿದ್ದು ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಕೇಳಿದಾಗ ಗರ್ಭಪಾತ ಮಾಡದ ಕಾರಣಕ್ಕೆ. ಈ ಎರಡನೇ ಬಾಗಿಲನ್ನು ತೆರೆದಿಡುವ ನಮ್ಮ ಕಾಯ್ದೆಯ 5ನೇ ಸೆಕ್ಷನ್ ಯಾಕೆ ಮುಖ್ಯ ಎಂದು ಅರಿಯಲು ಬೇರೆ ಉದಾಹರಣೆ ಬೇಡ.

ಭ್ರೂಣದ ದೋಷವಾದರೆ ನೇರ ಮಂಡಳಿಗೆ

ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ, ಎಂಟಿಪಿ ವೈದ್ಯಕೀಯ ಮಂಡಳಿಗೆ ಲಿಖಿತ ಮನವಿ ಕೊಡಬೇಕೆಂದು ಹೇಳಿ. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರುತ್ತಾರೆ. ಮನವಿಯ ನಕಲಿನ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಏಕೆಂದರೆ ಆ ದಿನದಿಂದ ಮೂರು ದಿನದೊಳಗೆ ಮಂಡಳಿ ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಐದು ದಿನದೊಳಗೆ ಗರ್ಭಪಾತ ಆಗಬೇಕು ಎನ್ನುತ್ತದೆ ನಿಯಮ. ಅಭಿಪ್ರಾಯ ‘ಫಾರ್ಮ್ ಡಿ’ಯಲ್ಲಿ ಬರುತ್ತದೆ. ಅದರಲ್ಲಿ ಅನುಮತಿಯೋ ನಿರಾಕರಣೆಯೋ ಎಂದು ಗುರುತು ಮಾಡಿ ಕಾರಣ ಬರೆಯಲು ಜಾಗವಿದೆ. ಆಕೆಯ ದೇಹ ಇದನ್ನು ತಾಳಿಕೊಳ್ಳುತ್ತದೆಯೇ ಎಂಬ ಕಾಲಂ ಬೇರೆಯೇ ಇದೆ. ನಿರಾಕರಿಸಿದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಕಾರಣ ಬರೆದ ಪ್ರತಿ ಕೇಳಿ. ಮುಂದೆ ವಕೀಲರಿಗೆ ಬೇಕಾಗುವ ಮೊದಲ ಕಾಗದವೇ ಅದು.

ಕೋರ್ಟ್ ಬೇಕಾಗುವುದು ಯಾವಾಗ?

ಅತ್ಯಾಚಾರದ ಗರ್ಭ 24 ವಾರ ದಾಟಿ, ಭ್ರೂಣ ಆರೋಗ್ಯವಾಗಿದ್ದರೆ ಮಂಡಳಿಗೆ ತಾನಾಗಿಯೇ ಅನುಮತಿಸುವ ಅಧಿಕಾರವಿಲ್ಲ. ಆಗ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ಮಂಡಳಿ ನಿರಾಕರಿಸಿದವರಿಗೂ ಇದೇ ದಾರಿ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ.

ಅರ್ಜಿಯಲ್ಲಿ ತುರ್ತು ವಿಚಾರಣೆ ಕೇಳಲೇಬೇಕು. 2023ರ ಆಗಸ್ಟ್‌ನಲ್ಲಿ ಗುಜರಾತಿನ ಸಂತ್ರಸ್ತೆಯೊಬ್ಬರ ಅರ್ಜಿಯನ್ನು ಅಲ್ಲಿನ ಹೈಕೋರ್ಟ್ 12 ದಿನ ಮುಂದೂಡಿದಾಗ ಸುಪ್ರೀಂ ಕೋರ್ಟ್ ಶನಿವಾರ ಕಲಾಪ ನಡೆಸಿ ಆಕ್ಷೇಪಿಸಿತು, ಸೋಮವಾರ ಅನುಮತಿ ಕೊಟ್ಟಿತು. ಸಂತ್ರಸ್ತೆಯ ಪ್ರಕರಣದಲ್ಲಿ ಡಿಎನ್‌ಎ ಪರೀಕ್ಷೆಗೆ ಭ್ರೂಣದ ಅಂಗಾಂಶ ಕಾದಿರಿಸಲು ಆದೇಶ ಕೇಳುವುದೂ ಅಗತ್ಯ, ಆರೋಪಿಯ ವಿರುದ್ಧ ಅದೇ ಸಾಕ್ಷ್ಯ.

ಕೋರ್ಟ್ ಯಾವಾಗಲೂ ಒಪ್ಪುತ್ತದೆ ಎಂದಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಹೆರಿಗೆ ನಂತರದ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಎರಡು ಮಕ್ಕಳ ತಾಯಿಯ 26 ವಾರದ ಗರ್ಭದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಯಿತು. ನಮ್ಮ ರಾಜ್ಯದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ತಾಯಿಯ ಪರ ನಿಂತರು. ಆದರೆ ತ್ರಿಸದಸ್ಯ ಪೀಠ ಕೊನೆಗೆ ಅನುಮತಿ ನಿರಾಕರಿಸಿತು. ಮಾನಸಿಕ ಆರೋಗ್ಯಕ್ಕೆ 24 ವಾರದ ನಂತರ ಕಾಯ್ದೆಯಲ್ಲಿ ಇನ್ನೂ ಜಾಗವಿಲ್ಲದಿರುವುದು ದೊಡ್ಡ ಕೊರತೆ ಎಂದೇ ನನ್ನ ಭಾವನೆ.

ಸಹಿ ಯಾರದು, ಗುಟ್ಟು ಎಷ್ಟು?

18 ತುಂಬಿದ ಹೆಣ್ಣಿನ ಒಪ್ಪಿಗೆ ಮಾತ್ರ ಸಾಕು. ಗಂಡ, ಅತ್ತೆ, ಅಪ್ಪ ಯಾರ ಸಹಿಯನ್ನೂ ಕಾಯ್ದೆ ಕೇಳುವುದಿಲ್ಲ. ಆಸ್ಪತ್ರೆ ಕೇಳಿದರೆ ಹಾಗೆಂದು ಹೇಳಿ. ಅಪ್ರಾಪ್ತೆಯಾದರೆ ಅಥವಾ ಮಾನಸಿಕ ಕಾಯಿಲೆ ಇದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಆಕೆಯ ಹೆಸರನ್ನು ಅಧಿಕಾರವಿಲ್ಲದವರಿಗೆ ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಅಪ್ರಾಪ್ತೆಯ ವಿಷಯವನ್ನು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕಾದರೂ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಆಕೆಯ ಹೆಸರು ಕೊಡಬೇಕಿಲ್ಲ ಎಂದೂ 2022ರ ಅದೇ ತೀರ್ಪು ಹೇಳಿದೆ. ಠಾಣೆಯ ಭಯಕ್ಕೆ ಹೆದರಿ ಮಗಳನ್ನು ನಾಟಿ ಮದ್ದಿನವರ ಹತ್ತಿರವೋ, ಪರವಾನಗಿ ಇಲ್ಲದ ಕ್ಲಿನಿಕ್ಕಿಗೋ ಕರೆದೊಯ್ಯುವ ತಾಯಂದಿರು ಈ ಒಂದು ಸಾಲನ್ನಾದರೂ ತಿಳಿದಿರಬೇಕು.