ಎರಡು ಎಸ್‌ಯುವಿಗಳಲ್ಲಿ ಯಾವುದು? ಹಿಂದಿನ ಸೀಟಿನಿಂದ ನೋಡಲು ಶುರು ಮಾಡಿ

ಮೂರು ಸಾಲಿನ ಗಾಡಿ ಕೊಳ್ಳಲು ಹೊರಟವರು ಶೋರೂಮಿಗೆ ಹೋದ ತಕ್ಷಣ ಏನು ಮಾಡುತ್ತಾರೆ ಗೊತ್ತಾ? ಸೀದಾ ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಸ್ಟೀರಿಂಗ್ ತಿರುಗಿಸುತ್ತಾರೆ, ಸ್ಕ್ರೀನ್ ಒತ್ತುತ್ತಾರೆ, ಸನ್‌ರೂಫ್ ತೆರೆಸಿ ನೋಡುತ್ತಾರೆ. ಮೂರನೇ ಸಾಲಿನ ಕಡೆ ಒಮ್ಮೆ ಕತ್ತು ತಿರುಗಿಸಿ 'ಹೂಂ, ಜಾಗ ಇದೆ' ಅಂದುಬಿಡುತ್ತಾರೆ. ಗಾಡಿ ಮನೆಗೆ ಬಂದು, ಮೊದಲ ದೂರದ ಪ್ರಯಾಣಕ್ಕೆ ಏಳೂ ಜನ ಹತ್ತಿದಾಗ ಗಲಾಟೆ ಶುರು. ಹಿಂದೆ ಕೂತವರ ಮಂಡಿ ಎದೆಮಟ್ಟಕ್ಕೆ ಬಂದಿರುತ್ತದೆ, ಬ್ಯಾಗು ತೊಡೆಯ ಮೇಲಿರುತ್ತದೆ. ಐದು ಸೀಟಿನ ಗಾಡಿ ಬಿಟ್ಟು ಇದಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದೇ ಆ ಮೂರನೇ ಸಾಲಿಗೋಸ್ಕರ ಅಲ್ವಾ? ಹಾಗಿದ್ದರೆ ನೋಡುವುದೂ ಅಲ್ಲಿಂದಲೇ ಶುರುವಾಗಲಿ.

ಸೋಸಿ ಸೋಸಿ ಎರಡು ಗಾಡಿ ಉಳಿದಿವೆ, ಎರಡೂ ಚೆನ್ನಾಗಿವೆ, ಮನೆಯಲ್ಲಿ ಎರಡು ಪಕ್ಷ ಆಗಿದೆ ಅಂತ ಇಟ್ಟುಕೊಳ್ಳೋಣ. ಮುಂದಿನದು ಹೀಗೆ.

1. ಹಿಂದೆ ಕೂರುವವರು ಯಾರು?

ಮೊದಲು ಇದನ್ನು ತೀರ್ಮಾನಿಸಿ. ದಿನಾ ಮಕ್ಕಳು ಕೂರುತ್ತಾರೋ, ಅಥವಾ ಅಪರೂಪಕ್ಕೆ ನೆಂಟರು ಬಂದಾಗ ಮಾತ್ರವೋ? ಅಪರೂಪಕ್ಕೆ ಅನ್ನುವುದಾದರೆ ಆ ಸೀಟು ಮಡಚಿದಾಗ ಡಿಕ್ಕಿ ಎಷ್ಟು ಸಪಾಟಾಗಿ ಸಿಗುತ್ತದೆ ಅನ್ನುವುದೇ ಮುಖ್ಯ. ದಿನಾ ಅನ್ನುವುದಾದರೆ ಮೂರನೇ ಹೆಜ್ಜೆಯನ್ನು ಒಂದಕ್ಷರ ಬಿಡದೆ ಓದಿ.

2. ನಿಲ್ಲಿಸುವ ಜಾಗ ಅಳೆಯಿರಿ

ಉದ್ದ, ಅಗಲ, ಡಿಕ್ಕಿ ಬಾಗಿಲು ಮೇಲೆದ್ದಾಗಿನ ಎತ್ತರ. ಕಂಪನಿಯ ಪಟ್ಟಿಯಲ್ಲಿ ಕೊಟ್ಟ ಅಗಲದಲ್ಲಿ ಸಾಮಾನ್ಯವಾಗಿ ಪಕ್ಕದ ಕನ್ನಡಿ ಸೇರಿರುವುದಿಲ್ಲ, ಅದನ್ನು ಬೇರೆಯಾಗಿ ಅಳೆಯಿರಿ. ಅಷ್ಟೇ.

3. ಮೂರನೇ ಸಾಲು: ಎಲ್ಲರೂ ಎಡವುವುದು ಇಲ್ಲೇ

ಶೋರೂಮಿನಲ್ಲಿ ಎರಡನೇ ಸಾಲಿನ ಸೀಟನ್ನು ಪೂರ್ತಿ ಮುಂದಕ್ಕೆ ಜರುಗಿಸಿ ಇಟ್ಟಿರುತ್ತಾರೆ. ನೀವು ಹಿಂದೆ ಹೋಗಿ ಕೂತರೆ ಮಂಡಿಗೆ ಧಾರಾಳ ಜಾಗ! ಆ ಸೀಟು ಅಷ್ಟು ಮುಂದೆ ಇದ್ದರೆ ಅಲ್ಲಿ ಕೂತವರ ಗತಿ ಏನು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಕ್ರಮ ಹೀಗಿರಲಿ. ಮೊದಲು ಮನೆಯಲ್ಲಿ ಗಾಡಿ ಓಡಿಸುವವರು ಮುಂದೆ ಕೂತು ತಮ್ಮ ಸೀಟು ಸರಿಮಾಡಿಕೊಳ್ಳಲಿ. ಅವರ ಹಿಂದೆ, ಎರಡನೇ ಸಾಲಿನಲ್ಲಿ, ಮನೆಯ ಎತ್ತರದ ವ್ಯಕ್ತಿ ಕೂತು ಆರಾಮಾಗುವಷ್ಟು ಸೀಟು ಹಿಂದಕ್ಕೆ ತಳ್ಳಲಿ. ಈಗ, ಆ ಸೀಟು ಅಲ್ಲೇ ಇರುವಾಗ, ಮೂರನೆಯವರು ಹಿಂದೆ ಹೋಗಿ ಕೂರಲಿ. ಮೂವರೂ ಒಟ್ಟಿಗೆ, ಗಾಡಿಯ ಒಂದೇ ಪಕ್ಕದಲ್ಲಿ, ಒಬ್ಬರ ಹಿಂದೆ ಒಬ್ಬರು. ಹೀಗೆ ಕೂತು ನೋಡದೆ ಹೇಳಿದ ಅಭಿಪ್ರಾಯಕ್ಕೆ ಬೆಲೆಯಿಲ್ಲ. ವಿಡಿಯೊಗಳಲ್ಲಿ ಒಬ್ಬನೇ ಮನುಷ್ಯ ಮೂರೂ ಸೀಟಿನಲ್ಲಿ ಕೂತು ತೋರಿಸುತ್ತಾನಲ್ಲ, ಅದನ್ನೂ ಸುಮ್ನೆ ನೋಡಿ ಬಿಟ್ಟುಬಿಡಿ.

ಕೂತ ಮೇಲೆ ಐದು ನಿಮಿಷಕ್ಕೆ ಎದ್ದು ಬರಬೇಡಿ. ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಇರಿ, ಮಾತಾಡಿಕೊಂಡಿರಿ. ಮೊದಲು ತೊಡೆ ನೋಡಿಕೊಳ್ಳಿ. ಹಿಂದಿನ ಚಕ್ರಗಳ ಆಕ್ಸಲ್ (ಅಚ್ಚು) ಮೇಲೆ ನೆಲ ಎತ್ತರವಾಗಿರುತ್ತದೆ, ಸೀಟನ್ನು ಜಾಸ್ತಿ ಎತ್ತರಿಸಿದರೆ ತಲೆ ಸೂರಿಗೆ ತಾಗುತ್ತದೆ. ಹಾಗಾಗಿ ಸೀಟು ನೆಲಕ್ಕೆ ಹತ್ತಿರವಾಗಿ, ಮಂಡಿ ಮೇಲೆದ್ದು, ತೊಡೆಗೆ ಆಸರೆಯೇ ಇಲ್ಲದೆ ಕುಕ್ಕರಗಾಲಲ್ಲಿ ಕೂತಂತೆ ಆಗುತ್ತದೆ. ಲ್ಯಾಡರ್ ಫ್ರೇಮ್ (ಏಣಿಯಂಥ ಉಕ್ಕಿನ ಚೌಕಟ್ಟು) ಮೇಲೆ ಕಟ್ಟಿದ ಗಾಡಿಗಳಲ್ಲಿ ಇದು ಜಾಸ್ತಿ, ಯಾಕಂದರೆ ಫ್ರೇಮಿನ ಮೇಲೆ ನೆಲ ಬರುತ್ತದೆ. ಬೇರೆ ಫ್ರೇಮ್ ಇಲ್ಲದೆ ಬಾಡಿಯೇ ಭಾರ ಹೊರುವ ಮೊನೊಕಾಕ್ ಗಾಡಿಯಲ್ಲಿ ನೆಲವನ್ನು ಕೆಳಗೆ ಇಳಿಸುವುದು ಸುಲಭ, ಆದರೆ ಅದರಲ್ಲೂ ಎಲ್ಲ ಕಂಪನಿಯವರೂ ಇಳಿಸಿರುವುದಿಲ್ಲ. ಆಮೇಲೆ ಪಾದ. ಎರಡನೇ ಸೀಟಿನ ಕೆಳಗೆ ಪಾದ ತೂರಿಸುವಷ್ಟು ಸಂದು ಇದೆಯೋ, ಅಥವಾ ಸೀಟಿನ ಹಳಿ, ಬ್ಯಾಟರಿ, ಎ.ಸಿ. ಕೊಳವೆ ಅಡ್ಡ ಬಂದಿದೆಯೋ? ಮಂಡಿಯ ಜಾಗ ಎರಡೂ ಗಾಡಿಯಲ್ಲಿ ಒಂದೇ ಇದ್ದರೂ ಪಾದ ತೂರುವ ಗಾಡಿಯೇ ಆರಾಮ.

ತಲೆಯ ಹಿಂದೆ ಕೈ ಹಾಕಿ ನೋಡಿ. ಹೆಡ್‌ರೆಸ್ಟಿಗೂ ಹಿಂದಿನ ಗಾಜಿಗೂ ಎಷ್ಟು ಅಂತರ ಇದೆ? ಹೆಡ್‌ರೆಸ್ಟ್ ಎತ್ತಿದಾಗ ಅದು ಕತ್ತಿಗಲ್ಲ, ತಲೆಗೆ ಸಿಗಬೇಕು. ಎಷ್ಟೋ ಗಾಡಿಗಳಲ್ಲಿ ಮೂರನೇ ಸಾಲಿನ ಹೆಡ್‌ರೆಸ್ಟ್ ಹೆಸರಿಗೆ ಮಾತ್ರ. ಬೆಲ್ಟ್ ಹಾಕಿಕೊಳ್ಳಿ. ಬಕಲ್ ಸೀಟಿನ ಸಂದಿಯಲ್ಲಿ ಮುಳುಗಿಹೋಗಿ ಬೆರಳಿಗೇ ಸಿಗದಿದ್ದರೆ ಮಕ್ಕಳು ದಿನಾ ಬೆಲ್ಟ್ ಹಾಕಿಕೊಳ್ಳುವುದಿಲ್ಲ, ಬರೆದಿಟ್ಟುಕೊಳ್ಳಿ. ಬೀಪ್ ಸದ್ದು ನಿಲ್ಲಿಸಲು ಬಕಲಿಗೆ ತೂರಿಸುವ ಸುಳ್ಳು ಕ್ಲಿಪ್ ಮಾರುತ್ತಾರಲ್ಲ, ಅದನ್ನು ಕೊಳ್ಳುವವರಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ಎ.ಸಿ. ವಿಷಯದಲ್ಲಿ 'ಹಿಂದೆಯೂ ವೆಂಟ್ ಇದೆ' ಅನ್ನುವ ಮಾತಿಗೆ ಮರುಳಾಗಬೇಡಿ. ಕೆಲವು ಗಾಡಿಯಲ್ಲಿ ಹಿಂದಕ್ಕೆ ಬೇರೆ ಬ್ಲೋವರ್, ಬೇರೆ ಕೂಲಿಂಗ್ ಕಾಯಿಲ್ ಇರುತ್ತದೆ. ಇನ್ನು ಕೆಲವದರಲ್ಲಿ ಮಧ್ಯದ ಗಾಳಿಯನ್ನೇ ಎಳೆದು ಹಿಂದಕ್ಕೆ ಊದುವ ಒಂದು ಫ್ಯಾನು ಅಷ್ಟೇ. ಕಂಡುಹಿಡಿಯುವುದು ಸುಲಭ: ಬಿಸಿಲಲ್ಲಿ ನಿಂತ ಗಾಡಿಯನ್ನೇ ಟೆಸ್ಟ್ ಡ್ರೈವಿಗೆ ಕೇಳಿ, ಎ.ಸಿ. ಹಾಕಿಸಿ, ಹಿಂದೆ ಕೂತು ವೆಂಟಿಗೆ ಕೈ ಹಿಡಿಯಿರಿ.

ಇನ್ನು ಹತ್ತಿ ಇಳಿಯುವುದು. ಮನೆಯಲ್ಲಿ ಚೈಲ್ಡ್ ಸೀಟ್ ಬಳಸುತ್ತಿದ್ದರೆ ಅದನ್ನು ಶೋರೂಮಿಗೆ ಹೊತ್ತುಕೊಂಡು ಹೋಗಿ. ಹೌದು, ನಾಚಿಕೆ ಬಿಟ್ಟು ಹೊತ್ತುಕೊಂಡೇ ಹೋಗಿ. ಎರಡನೇ ಸಾಲಿನ ಐಸೋಫಿಕ್ಸ್ ಕೊಂಡಿಗೆ (ಚೈಲ್ಡ್ ಸೀಟ್ ಸಿಕ್ಕಿಸಲೆಂದೇ ಇರುವ ಕೊಂಡಿ) ಹಾಕಿ, ಮೇಲಿನ ಪಟ್ಟಿ ಬಿಗಿದು, ಆಮೇಲೆ ಆ ಸೀಟನ್ನು ಮಡಚಿ ಹಿಂದೆ ಹೋಗಲು ನೋಡಿ. ಎಷ್ಟೋ ಗಾಡಿಗಳಲ್ಲಿ ಆಗುವುದಿಲ್ಲ, ಸೀಟು ಅಲುಗಾಡುವುದೇ ಇಲ್ಲ. ಎರಡನೇ ಸಾಲಿನಲ್ಲಿ ಕ್ಯಾಪ್ಟನ್ ಸೀಟ್ (ಉದ್ದ ಸೀಟಿನ ಬದಲು ಬಿಡಿಬಿಡಿಯಾದ ಎರಡು ಸೀಟು) ಇದ್ದರೆ ನಡುವಿನ ಸಂದಿಯಿಂದ ನುಗ್ಗಬಹುದು. ನನ್ನ ಮಾತು ಕೇಳುವುದಾದರೆ, ಮೂರನೇ ಸಾಲನ್ನು ದಿನಾ ಬಳಸುವ ಮನೆಗೆ ಕ್ಯಾಪ್ಟನ್ ಸೀಟೇ ಸರಿ, ಒಂದು ಸೀಟು ಕಮ್ಮಿಯಾದರೂ ಪರವಾಗಿಲ್ಲ. ವಯಸ್ಸಾದವರನ್ನು ಮಾತ್ರ ಹಿಂದಕ್ಕೆ ಕಳಿಸಲೇಬೇಡಿ, ಯಾವ ಗಾಡಿಯಾದರೂ ಅಷ್ಟೇ.

4. ಡಿಕ್ಕಿ ಮತ್ತು ತೂಕ

ಮೂರೂ ಸಾಲು ಎತ್ತಿಟ್ಟಾಗ ಉಳಿಯುವ ಡಿಕ್ಕಿ ಎಷ್ಟು ಅನ್ನುವುದೊಂದೇ ಪ್ರಶ್ನೆ. ಕಂಪನಿಯವರು ಕೊಡುವ ಲೀಟರ್ ಲೆಕ್ಕ ನಂಬಿ ಎರಡು ಗಾಡಿ ಹೋಲಿಸಬೇಡಿ. ಒಂದು ಪದ್ಧತಿಯಲ್ಲಿ 200×100×50 ಮಿ.ಮೀ. ಅಳತೆಯ, ಅಂದರೆ ತಲಾ ಒಂದು ಲೀಟರಿನ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಅದನ್ನೇ ಒಬ್ಬರು ಸೀಟಿನ ಬೆನ್ನಿನ ಮಟ್ಟಕ್ಕೆ ನಿಲ್ಲಿಸಿದರೆ ಇನ್ನೊಬ್ಬರು ಸೂರಿನವರೆಗೂ ತುಂಬುತ್ತಾರೆ. ಮನೆಯ ದೊಡ್ಡ ಸೂಟ್‌ಕೇಸ್ ಒಯ್ದು ಇಟ್ಟು ಬಾಗಿಲು ಹಾಕಿ ನೋಡಿ, ಮುಗಿಯಿತು.

ತೂಕದ ಲೆಕ್ಕ ಮಾಡುವವರು ಕಮ್ಮಿ. ಗಾಡಿಯ ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಎಷ್ಟು ಹೊರಬಹುದು ಅನ್ನುವುದು ಸಿಗುತ್ತದೆ. ಅದು 550 ಕೆ.ಜಿ. ಅಂದುಕೊಳ್ಳಿ. ತಲಾ 65 ಕೆ.ಜಿ.ಯ ಏಳು ಜನ ಕೂತರೆ 455 ಆಯಿತು, ಸಾಮಾನಿಗೆ ಉಳಿದದ್ದು 95. ಸೂರಿನ ಮೇಲೆ ಕ್ಯಾರಿಯರ್ ಹಾಕಿದರೆ ಅದರ ತೂಕವೂ ಇದರಲ್ಲೇ ಸೇರಬೇಕು, ಜೊತೆಗೆ ಸೂರಿಗೆ ಬೇರೆಯದೇ ಮಿತಿ ಇರುತ್ತದೆ, ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ. ಎರಡು ಗಾಡಿಗಳ ನಡುವೆ ಇಲ್ಲಿ ನೂರು ಕೆ.ಜಿ. ವ್ಯತ್ಯಾಸ ಕಂಡರೆ ನಾನಂತೂ ಹೆಚ್ಚು ಹೊರುವ ಗಾಡಿಯ ಕಡೆಗೇ.

5. ಸುರಕ್ಷತೆ

ಗಾಡಿಯನ್ನು ಗುದ್ದಿಸಿ ನೋಡುವ ಕ್ರ್ಯಾಶ್ ಟೆಸ್ಟಿನಲ್ಲಿ ಸಿಕ್ಕ ಸ್ಟಾರ್ ಎಣಿಸಿ, ಆದರೆ ಯಾವ ವರ್ಷದ ಪರೀಕ್ಷೆ ಅಂತಲೂ ನೋಡಿ. ನಿಯಮ ಬಿಗಿಯಾಗುತ್ತಾ ಬಂದಿರುವುದರಿಂದ ಹಳೆಯ ಐದು ಸ್ಟಾರೂ ಹೊಸ ಐದು ಸ್ಟಾರೂ ಒಂದೇ ಅಲ್ಲ. ಪರೀಕ್ಷೆಯ ಬೊಂಬೆಗಳನ್ನು ಸಾಮಾನ್ಯವಾಗಿ ಮುಂದಿನ ಎರಡು ಸಾಲಿನಲ್ಲೇ ಕೂರಿಸುತ್ತಾರೆ, ಮೂರನೇ ಸಾಲಿನ ವಿಷಯ ಸ್ಟಾರಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಕಿಟಕಿಗೆ ಪರದೆಯಂತೆ ಇಳಿಯುವ ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನ ಕಿಟಕಿಯವರೆಗೂ ಬರುತ್ತದೋ ಅಂತ ನೇರವಾಗಿ ಕೇಳಿ. ಗಾಡಿ ಬಂದ ಮೇಲೆ ದಪ್ಪ ಸೀಟ್ ಕವರ್ ಹಾಕಿಸುವ ಆಸೆ ಇದ್ದರೆ ಬಿಡಿ. ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗಿಗೆ ಅದು ಅಡ್ಡ ಬರಬಹುದು.

6. ಓಡಿಸಿ, ಆದರೆ ತುಂಬಿಸಿ

ಖಾಲಿ ಗಾಡಿಯ ಟೆಸ್ಟ್ ಡ್ರೈವ್ ಮಾಡಿ ಪ್ರಯೋಜನವಿಲ್ಲ. ಮನೆಮಂದಿ ಎಲ್ಲ ಹತ್ತಿ. ಎರಡೂ ಗಾಡಿಯನ್ನು ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸಿ. ಚಕ್ರದ ಗಾಳಿ ಎಷ್ಟಿರಬೇಕು ಅಂತ ಹೆಚ್ಚಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ, ಅಷ್ಟೇ ಹಿಡಿಸಿ. ಇಲ್ಲದಿದ್ದರೆ ಜಾಸ್ತಿ ಗಾಳಿಯ ಗಾಡಿ ಒರಟು ಅಂತ ಸುಮ್ನೆ ಬೈಯುತ್ತೀರಿ. ಏರು ರಸ್ತೆ, ಹಂಪು, ಇಕ್ಕಟ್ಟಿನಲ್ಲಿ ರಿವರ್ಸ್, ಮೂರೂ ಇರಲಿ. ಅರ್ಧ ದಾರಿ ನೀವೇ ಮೂರನೇ ಸಾಲಿಗೆ ಹೋಗಿ ಕೂರಿ. ಆಕ್ಸಲ್ ಮೇಲೆಯೋ ಅದರ ಹಿಂದೆಯೋ ಕೂತವರಿಗೆ ಕುಲುಕಾಟ ಎಷ್ಟು ಜಾಸ್ತಿ ಅಂತ ಡ್ರೈವರ್ ಸೀಟಿನಲ್ಲಿ ಯಾವತ್ತೂ ತಿಳಿಯುವುದಿಲ್ಲ. ವಾಂತಿಯ ಕಾಟ ಇರುವ ಮಗು ಮನೆಯಲ್ಲಿದ್ದರೆ ಇದೊಂದೇ ತೀರ್ಮಾನಕ್ಕೆ ಸಾಕು.

7. ಉಳಿದದ್ದು

ಎಂಜಿನ್ ಎರಡೂ ಚೆನ್ನಾಗಿಯೇ ಇರುತ್ತವೆ. ನಾಲ್ಕೂ ಚಕ್ರ ತಿರುಗುವ ಗಾಡಿ ಕೆಸರಿನಿಂದ ಮೇಲೆ ಬರಲು ಸಹಾಯ ಮಾಡುತ್ತದೆ, ಬ್ರೇಕ್ ಹಿಡಿದಾಗ ಬೇಗ ನಿಲ್ಲಿಸುವುದಿಲ್ಲ. ಕೆಸರಿಗೆ ಹೋಗದವರಿಗೆ ಅದು ಬೇಡ. ಎ.ಸಿ.ಗೆ ತಿರುಗಿಸುವ ಗುಬುಟು ಇರುವ ಗಾಡಿ ಸಿಕ್ಕರೆ ಬಿಡಬೇಡಿ. ಬಣ್ಣ ಮಕ್ಕಳಿಗೆ ಬಿಡಿ.

ಬುಕ್ ಮಾಡುವಾಗ ನೀವು ಕೂತು ನೋಡಿದ್ದು ಯಾವ ವೇರಿಯಂಟ್, ತೆಗೆದುಕೊಳ್ಳುತ್ತಿರುವುದು ಯಾವುದು ಅಂತ ತಾಳೆ ನೋಡಿ. ಮೇಲಿನ ವೇರಿಯಂಟ್ ತೋರಿಸಿ ಕೆಳಗಿನದು ಮಾರುವುದು ಮಾಮೂಲು, ಹಿಂದಿನ ಎ.ಸಿ. ಮತ್ತು ಏರ್‌ಬ್ಯಾಗ್ ಕಳೆದುಹೋಗುವುದು ಅಲ್ಲೇ. ಡಿಕ್ಕಿ ನೆಲ ಎತ್ತಿಸಿ ಅಥವಾ ಗಾಡಿಯ ಕೆಳಗೆ ಬಗ್ಗಿ, ಸ್ಟೆಪ್ನಿ ಇದೆಯೋ, ಪಂಕ್ಚರ್ ಕಿಟ್ ಕೊಟ್ಟು ಕೈತೊಳೆದುಕೊಂಡಿದ್ದಾರೋ ನೋಡಿ. ಗಾಡಿ ಕೈಗೆ ಬರುವ ದಿನ ಟೈರಿನ ಪಕ್ಕದ ನಾಲ್ಕಂಕಿ ಓದಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯದನ್ನೂ ಸೇರಿಸಿ ಐದೂ ಓದಿದ ಮೇಲೆ ಸಹಿ ಹಾಕಿ.